ಇಪ್ಪತ್ತೈದು ಎಂಬಿಯಲ್ಲಿ ಒಂದು ಕಿವಿ

ನಮ್ಮೂರಿನಲ್ಲಿ ಈ ಕಥೆಯನ್ನು ಎಲ್ಲರೂ ಒಂದೇ ಥರ ಹೇಳುತ್ತಾರೆ. ಕಾರಿಮಂಗಲಂ ಕಡೆಯ ಒಬ್ಬ ಮುದುಕ ನಮ್ಮ ದೊಡ್ಡಮ್ಮನ ಕುರಿಯನ್ನು ಹೊಡೆದುಕೊಂಡು ಹೋದ. ಅದರ ಕಿವಿಯ ಗುರುತನ್ನು ತಿದ್ದಿದ. ಕಾಲೇಜು ಓದುವ ಹುಡುಗಿಯೊಬ್ಬಳು ಒಂದು ಜಿಬಿಗಿಂತ ದೊಡ್ಡ ವಿಡಿಯೊವನ್ನು ಕ್ವಾಲಿಟಿ ಕೆಡದ ಹಾಗೆ ಇಪ್ಪತ್ತೈದು ಎಂಬಿಯೊಳಕ್ಕೆ ಇಳಿಸಿ ಪೊಲೀಸ್ ಠಾಣೆಯ ವೆಬ್ ಪುಟಕ್ಕೆ ಹಾಕಿದಳು. ಕುರಿ ಮನೆಗೆ ಬಂತು.

ಆ ಹುಡುಗಿ ನಾನು. ಈ ಕಥೆಯಲ್ಲಿ ನಾಲ್ಕು ಮಾತುಗಳಿವೆ. ಕೊನೆಯದು ನಿಜ, ಕುರಿ ಈಗ ನಮ್ಮ ಹಿತ್ತಲಲ್ಲಿ ಬೇಲಿ ಸೊಪ್ಪು ಕೀಳುತ್ತಿದೆ. ಮೊದಲೆರಡಕ್ಕೆ ಆಧಾರವೇನು ಎಂದು ಈವರೆಗೆ ಯಾರೂ ಕೇಳಿಲ್ಲ. ಮೂರನೆಯದು ನನ್ನ ಹೊಗಳಿಕೆ. ಹೊಗಳಿಕೆಯನ್ನು ಅಲ್ಲಗಳೆಯಲು ಯಾರಿಗೂ ಆತುರ ಇರುವುದಿಲ್ಲ, ನನಗೂ ಇರಲಿಲ್ಲ. ಆದರೆ 'ಕ್ವಾಲಿಟಿ ಕೆಡದ ಹಾಗೆ' ಎನ್ನುವುದು ಸುಳ್ಳು. ಕೆಟ್ಟಿತು. ಎಲ್ಲಿ ಕೆಟ್ಟಿತು ಎನ್ನುವುದು ನನಗೆ ಗೊತ್ತು, ಎಷ್ಟನೇ ಸೆಕೆಂಡಿನಲ್ಲಿ ಎನ್ನುವುದೂ ಗೊತ್ತು.

ಸೇಲಂನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಮೇಡಂ ಒಂದು ಪಾಠವನ್ನು ತಲೆಯೊಳಗೆ ಕೂರಿಸಿಬಿಟ್ಟಿದ್ದರು. ಬಾಯಿ ತೆರೆಯುವ ಮೊದಲು ಪದದ ಅರ್ಥ ಏನೆಂದು ಗೊತ್ತುಮಾಡಿಕೋ. ಅರ್ಥ ಯಾರ ಕೈಲಿದೆಯೋ ಗೆಲುವು ಅವರ ಕೈಲಿದೆ. ಹಾಗಾದರೆ ಕ್ವಾಲಿಟಿ ಅಂದರೆ ಏನು? ನೋಡಲು ಚೆನ್ನಾಗಿರುವುದೋ, ನೋಡಬೇಕಾದದ್ದು ಕಾಣುವುದೋ? ಆವತ್ತು ಮಧ್ಯಾಹ್ನ ನಾನು ಈ ಪ್ರಶ್ನೆಯನ್ನು ವಿಡಿಯೊ ಚಿಕ್ಕದು ಮಾಡಿಸಲು ಹೋದ ಜೆರಾಕ್ಸ್ ಅಂಗಡಿಯವನಿಗೆ ಬಹಳ ಜೋರಾಗಿ ಕೇಳಿದ್ದೆ. ಉತ್ತರವನ್ನೂ ನಾನೇ ಹೇಳಿದ್ದೆ. ಅದಕ್ಕೇ ಈಗ ನುಂಗಲು ಕಷ್ಟ.

ಮೊದಲು ಕಿವಿಯ ವಿಷಯ ಹೇಳಬೇಕು. ನಮ್ಮ ಕಡೆ ಕುರಿಗಳ ಮೈ ಎಲ್ಲಕ್ಕೂ ಒಂದೇ, ಉಣ್ಣೆಯಿಲ್ಲದ ಕೆಂಗಂದು. ಯಾರ ಕುರಿ ಎಂದು ಹೇಳುವುದು ಕಿವಿ. ಮರಿ ಹುಟ್ಟಿ ಕಾಲು ಗಟ್ಟಿಯಾದ ಮೇಲೆ ಮನೆಯ ಹಿರಿಯ ಹೆಂಗಸು ಅದರ ಎಡಗಿವಿಯ ಅಂಚನ್ನು ಬ್ಲೇಡಿನಲ್ಲಿ ಸೀಳಿ ಒಂದು ಚೂರು ತೆಗೆಯುತ್ತಾಳೆ. ಅದಕ್ಕೆ ಕಚ್ಚು ಎನ್ನುತ್ತೇವೆ. ಹರಳೆಣ್ಣೆಗೆ ಅರಿಸಿನ ಕಲಸಿ ಗಾಯಕ್ಕೆ ಹಚ್ಚುತ್ತಾರೆ. ಉಗುರಿನಷ್ಟಿರುವ ಆ ಕಿವಿಯ ಚೂರನ್ನು ಎಸೆಯುವಂತಿಲ್ಲ. ಕುರಿ ಕೂಡುವ ದೊಡ್ಡಿಗೆ ನಮ್ಮಲ್ಲಿ ಪಟ್ಟಿ ಎನ್ನುತ್ತಾರೆ. ಪಟ್ಟಿಯ ಬಾಗಿಲಲ್ಲಿ ನೆಟ್ಟ ಕಲ್ಲಿನ ಬುಡದಲ್ಲಿ ಅದನ್ನು ಹೂಳಬೇಕು. ಚೂರು ಯಾವ ಕಲ್ಲಿನ ಬುಡದಲ್ಲಿದೆಯೋ ಕುರಿ ಆ ಪಟ್ಟಿಗೆ ತಿರುಗಿ ಬರುತ್ತದೆ ಎಂದು ನಂಬಿಕೆ. ನಾನು ನಂಬುವುದಿಲ್ಲ. ಕಳೆದುಹೋದ ಎಷ್ಟೋ ಕುರಿಗಳು ಬರಲಿಲ್ಲವಲ್ಲ ಎಂದು ಚಿಕ್ಕವಳಿದ್ದಾಗಲೇ ಕೇಳಿ ಬೈಸಿಕೊಂಡಿದ್ದೇನೆ.

ನಮ್ಮ ಮನೆಯ ಗುರುತು ಕಿವಿಯ ಕೆಳಂಚಿನಲ್ಲಿ ಒಂದು ಕಚ್ಚು. ಕಾರಿಮಂಗಲಂ ಕಡೆಯ ಆ ಮುದುಕನ ಮನೆಯದು ಎರಡು: ಕೆಳಂಚಿನಲ್ಲಿ ನಮ್ಮಂಥದ್ದೇ ಒಂದು, ತುದಿಯ ಹತ್ತಿರ ಇನ್ನೊಂದು ಸಣ್ಣದು. ಅವರೂ ತಮಿಳುನಾಡಿನಲ್ಲಿ ಕನ್ನಡ ಆಡುವ ನಮ್ಮ ಜನವೇ. ಬೇಸಿಗೆಯಲ್ಲಿ ಎರಡೂ ಕಡೆಯ ಮಂದೆಗಳು ಕೊಯ್ದ ಹೊಲಗಳಲ್ಲಿ ಮೇಯುತ್ತಾ ತೊಪ್ಪೂರಿನ ಹತ್ತಿರ ಒಂದೇ ಕೆರೆಗೆ ನೀರಿಗೆ ಬರುತ್ತವೆ.

ಈ ವರ್ಷ ಆ ಕೆರೆಯ ಹತ್ತಿರ ದೊಡ್ಡಮ್ಮನ ಮುಂದಾಳು ಕುರಿ ಕಾಣೆಯಾಯಿತು. ಮುಂದಾಳು ಎಂದರೆ ಮಂದೆಗೆ ದಾರಿ ತೋರಿಸುವ ಹೆಣ್ಣು ಕುರಿ. ಅದು ನಡೆದರೆ ಉಳಿದವು ನಡೆಯುತ್ತವೆ, ಅದು ನಿಂತರೆ ಗದರಿದರೂ ಕಾಲು ಕೀಳುವುದಿಲ್ಲ. ಎರಡು ತಿಂಗಳಾದ ಮೇಲೆ ನಮ್ಮ ಸಂಬಂಧಿಕರೊಬ್ಬರು ಅದನ್ನು ಮುದುಕನ ಮಂದೆಯಲ್ಲಿ ನೋಡಿ ಬಂದು ಹೇಳಿದರು. ಅದರ ಕಿವಿಯಲ್ಲಿ ಎರಡು ಕಚ್ಚಿದ್ದವು.

"ಎರಡನೇದು ಅವ್ನು ಆಕಿರೋದು," ಎಂದಳು ದೊಡ್ಡಮ್ಮ. "ಒಂದನ್ನ ಎರಡು ಮಾಡಾಕೆ ಎಷ್ಟೊತ್ತು? ಕಳ್ಳ ನನ್ಮಗ." ಆ ಮಾತನ್ನು ಊರಿಗೆಲ್ಲ ಹೇಳಿದಳು. ನಮ್ಮ ಠಾಣೆಯಲ್ಲಿ ದೂರನ್ನೂ ಕೊಟ್ಟಳು. ಮುದುಕನಿಗೆ ಸುದ್ದಿ ಮುಟ್ಟಿ ಫೋನು ಬಂತು. ದೊಡ್ಡಮ್ಮ ಸ್ಪೀಕರಿಗೆ ಹಾಕಿದಳು.

"ಏನಮ್ಮೋ, ನನ್ನ ಕಳ್ಳ ಅಂತೀಯಂತೆ? ನಿಂದು ಒಂದು ಕಚ್ಚು, ನಂದು ಎರಡು. ಬಂದು ಎಣಿಸ್ಕೊ. ಎಣಿಸಾಕೆ ಬರ್ತದಲ್ಲ?"

"ನೀನು ಮೊನ್ನೆ ಆಕಿರೋ ಕಚ್ಚು ಎಣಿಸಾಕೆ ನಾನ್ಯಾಕೆ ಅಲ್ಲಿಗಂಟ ಬರ್ಲಿ?"

"ಮೂರು ವರ್ಸದ ಕೆಳಗೆ ಇದೇ ಕೆರೆ ತಾವ ನಿನ್ ಮಂದೆ ನನ್ ಮಂದೆ ಬೆರ್ತೋಗಿದ್ದು ಮರ್ತ್ಯಾ? ಆವತ್ತಿಂದ ನಂದೊಂದು ಎಣ್ಣು ಮರಿ ಇಲ್ಲ. ಈಗ ಅದೇ ತಾನಾಗಿ ನನ್ ಮಂದೆಗೆ ಬಂದು ಸೇರ್ಕೊಂಡೈತೆ. ನಾನೇನು ಅಗ್ಗ ಆಕಿ ಎಳ್ಕೊಂಡು ಓದ್ನಾ?"

"ಅದು ನನ್ ಪಟ್ಟೀಲಿ ಉಟ್ಟಿದ್ದು ಕಣಯ್ಯಾ!" ಎಂದು ಕೂಗಿ ದೊಡ್ಡಮ್ಮ ಫೋನು ಕತ್ತರಿಸಿದಳು.

ಅಲ್ಲಿಗೆ ಅದು ಬರೀ ಕುರಿಯ ಜಗಳವಾಗಿ ಉಳಿಯಲಿಲ್ಲ. ಎರಡನೇ ಕಚ್ಚು ಹೊಸದಾದರೆ ಮುದುಕ ಕಳ್ಳ. ಹಳೆಯದಾದರೆ ಮೂರು ವರ್ಷ ಇನ್ನೊಬ್ಬರ ಕುರಿ ಇಟ್ಟುಕೊಂಡವಳು ದೊಡ್ಡಮ್ಮ. ಕುರಿ ಯಾರ ಮನೆಗೆ ಹೋಗುತ್ತದೋ, 'ಕಳ್ಳ' ಎಂಬ ಮಾತು ಇನ್ನೊಂದು ಮನೆಗೆ ಹೋಗುತ್ತದೆ. ಗಾಯ ಮಾಗಿರುವುದರಿಂದ ಕಚ್ಚಿಗೆ ಎಷ್ಟು ವಯಸ್ಸೆಂದು ಹೇಳಲಾರೆ ಎಂದರು ಪಶುವೈದ್ಯರು. ಕುರಿ ಹುಟ್ಟಿತೆಂದು ದೊಡ್ಡಮ್ಮ ಹೇಳುವ ವರ್ಷ ನಾನು ಹಾಸ್ಟೆಲಿನಲ್ಲಿದ್ದೆ. ನಾನು ಕಂಡದ್ದು ಏನೂ ಇಲ್ಲ.

ಆದರೆ ನನ್ನ ಹತ್ತಿರ ವಿಡಿಯೊ ಇತ್ತು. ಸಂಕ್ರಾಂತಿಯ ಮರುದಿನ ದನಕುರಿಗಳ ಮೈ ತೊಳೆದು ಪೂಜಿಸುವ ಮಾಟ್ಟುಪ್ಪೊಂಗಲ್ ದಿನ, ಕುರಿ ಕಾಣೆಯಾಗುವುದಕ್ಕೆ ಮೊದಲು, ನಾನೇ ಫೋನಿನಲ್ಲಿ ಅತಿ ದೊಡ್ಡ ಅಳತೆಗೆ ಇಟ್ಟು ತೆಗೆದದ್ದು. ಮೂರು ನಿಮಿಷ ಹನ್ನೆರಡು ಸೆಕೆಂಡು. ದೊಡ್ಡಮ್ಮ ಕುರಿಯ ಮೈ ತೊಳೆದು ಹಣೆಗೆ ಕುಂಕುಮ ಇಡುತ್ತಾಳೆ, ಕುರಿ ತಲೆ ಕೊಡವುತ್ತದೆ.

"ವಿಡಿಯೊ ಐತೆ ದೊಡ್ಡಮ್ಮ! ಅದ್ರಲ್ಲಿ ಒಂದೇ ಕಚ್ಚು ಇದ್ರೆ ಮುಗೀತು. ಎರಡನೇದು ಆಮೇಲೆ ಬಂದಿದ್ದು ಅಂತ ಸಾಬೀತು."

ಅವಳು ಕೈಯಲ್ಲಿದ್ದ ಸೊಪ್ಪಿನ ಕಟ್ಟನ್ನು ಕೆಳಗಿಟ್ಟಳು. "ಅದ್ರಲ್ಲಿ ಕಿವಿ ಕಾಣ್ತದಾ?"

"ಕಾಣ್ದೆ ಏನು?"

"ಚೆನ್ನಾಗಿ ಕಾಣ್ತದಾ?"

ಆಗ ನನಗೆ ಅದು ಆಸೆಯ ಪ್ರಶ್ನೆಯಂತೆ ಕೇಳಿಸಿತು.

ಠಾಣೆಯವರಿಗೆ ಎರಡು ಕಡೆಯ ಕೂಗಾಟ ಸಾಕಾಗಿತ್ತು. ಮೊಬೈಲು ಹಿಡಿದು ತೋರಿಸುವುದು ಬೇಡ, ದೂರಿನ ಪುಟದಲ್ಲಿ ಹಾಕಿ, ಸಾಹೇಬರು ಅಲ್ಲೇ ನೋಡುತ್ತಾರೆ ಎಂದರು. ಒಂದೇ ವಿಡಿಯೊ, ಇಪ್ಪತ್ತೈದು ಎಂಬಿ ಮೀರಬಾರದು. ಕತ್ತರಿಸಿ ಜೋಡಿಸಿರಬಾರದು. ದೂರು ಕೊಟ್ಟವರು, ಪಟ್ಟಿ, ಕುರಿ ಮೂರೂ ಕಾಣಬೇಕು. ಮರುದಿನ ಸಂಜೆ ಐದಕ್ಕೆ ಪುಟ ಮುಚ್ಚುತ್ತದೆ. ಏನೂ ಬರದಿದ್ದರೆ ಕುರಿ ಈಗ ಎಲ್ಲಿದೆಯೋ ಅಲ್ಲೇ ಇರುತ್ತದೆ.

ನಮ್ಮೂರಿನಲ್ಲಿ ನೆಟ್ ಬರುವುದು ಮನಸ್ಸಾದಾಗ. ಆದ್ದರಿಂದ ಮರುದಿನ ಮಧ್ಯಾಹ್ನ ತಾರಮಂಗಲಂಗೆ ಬಸ್ಸು ಹತ್ತಿದೆವು. ದೇವಸ್ಥಾನದ ದೊಡ್ಡ ಗೋಡೆಯ ಎದುರಿನ ಬೀದಿಯಲ್ಲಿ ಒಂದು ಜೆರಾಕ್ಸ್ ಅಂಗಡಿ, ಒಳಗೆ ಎರಡು ಕಂಪ್ಯೂಟರು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ನಾವು ತಲುಪಿದಾಗ ಮೂರು ದಾಟಿತ್ತು.

"ಎನ್ನ ತಂಗಚ್ಚಿ, ಆಟ್ಟುಕ್ಕು ಸಿನಿಮಾವಾ?" ಏನು ತಂಗಿ, ಕುರಿಗೂ ಸಿನಿಮಾವಾ ಎಂದು ಅಂಗಡಿಯವನು ತಮಿಳಿನಲ್ಲಿ ನಕ್ಕ. ಫೈಲಿನ ಗಾತ್ರ ನೋಡಿ ನಗು ನಿಲ್ಲಿಸಿದ. ಒಂದು ಜಿಬಿಯ ಮೇಲೆ ನೂರೈವತ್ತು ಎಂಬಿ. ಮದುವೆಯವರು ವಿಡಿಯೊ ತಂದರೆ ಮಾಡುವ ಹಾಗೆ ಎಲ್ಲಕ್ಕಿಂತ ಚಿಕ್ಕದು ಎಂದಿದ್ದ ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೇ ಒಂಬತ್ತು ಎಂಬಿಯ ಫೈಲು ಬಂತು.

ದೊಡ್ಡಮ್ಮ ಪರದೆಗೆ ಮೂಗು ತಗುಲುವಷ್ಟು ಬಾಗಿದಳು. "ಇದೇನ್ಲಾ, ಕುರಿಯಾ ಕುಂಬಳಕಾಯಾ?"

"ಸೈಜು ಕೇಟ್ಟೀಂಗ, ಕೊಡುತ್ತಾಚ್ಚು," ಎಂದ ಅವನು. ಸೈಜು ಕೇಳಿದಿರಿ, ಕೊಟ್ಟಾಯಿತು.

ನನಗೆ ರೇಗಿತು. "ಅಣ್ಣಾ, ಕ್ವಾಲಿಟಿ ಅಂದ್ರೆ ಏನು? ನೋಡೋರಿಗೆ ಏನು ಕಾಣ್ಬೇಕೋ ಅದು ಕಾಣ್ಬೇಕು. ಅದೇ ಕ್ವಾಲಿಟಿ. ಮಿಕ್ಕಿದ್ದೆಲ್ಲ ಅಲಂಕಾರ. ಇಲ್ಲಿ ಕಾಣ್ಬೇಕಾಗಿರೋದು ಒಂದು ಕಿವಿ. ಅದು ಕಾಣ್ದೆ ಓದ್ರೆ ಒಂಬತ್ತು ಎಂಬಿಯೂ ದಂಡ." ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಇಷ್ಟು ಭಾಷಣ ಮಾಡಿದೆ. ಅವನು ಎದ್ದು ಕುರ್ಚಿ ಕೊಟ್ಟ. "ನೀಂಗಳೇ ಪಣ್ಣುಂಗ." ನೀವೇ ಮಾಡಿ.

ಕುಳಿತೆ. ಎರಡನೇ ಸಲ ಚಿತ್ರದ ಅಗಲ ಎತ್ತರವನ್ನು ದೊಡ್ಡದಾಗಿಯೇ ಬಿಟ್ಟು, ಪ್ರತಿ ಸೆಕೆಂಡಿಗೆ ಬಳಸುವ ಡೇಟಾ ಮಾತ್ರ ಇಳಿಸಿದೆ. ಇಪ್ಪತ್ತನಾಲ್ಕು ಎಂಬಿ ಬಂತು. ಕುರಿ ನಿಂತಾಗ ಸರಿಯಾಗಿತ್ತು. ತಲೆ ಕೊಡವಿದ ಕೂಡಲೇ ಮುಖವೆಲ್ಲ ಚೌಕ ಚೌಕ. ಯಾಕೆಂದು ತಿಳಿಯಲು ಹತ್ತು ನಿಮಿಷ ಹೋಯಿತು. ಚಿಕ್ಕದು ಮಾಡುವ ಸಾಫ್ಟ್‌ವೇರು ವಿಡಿಯೊದೊಳಗಿನ ಎಲ್ಲ ಚಿತ್ರಗಳನ್ನೂ ಪೂರ್ತಿ ಇಟ್ಟುಕೊಳ್ಳುವುದಿಲ್ಲ. ಬದಲಾದದ್ದನ್ನು ಬರೆದುಕೊಂಡು, ಬದಲಾಗದ್ದಕ್ಕೆ 'ಹಿಂದಿನ ಹಾಗೇ' ಎಂದು ಬಿಡುತ್ತದೆ. ನಮ್ಮ ವಿಡಿಯೊದಲ್ಲಿ ಕುರಿಯ ಹಿಂದೆ ಹುಣಸೆ ಮರ. ಆ ದಿನ ಗಾಳಿ. ಸಾವಿರಾರು ಎಲೆ ಕ್ಷಣಕ್ಷಣಕ್ಕೂ ಅಲುಗಾಡಿ, ಇದ್ದ ಡೇಟಾವನ್ನೆಲ್ಲ ತಿಂದು, ಕಿವಿಗೆ ಏನೂ ಉಳಿಸಿರಲಿಲ್ಲ.

ಮರವನ್ನು ಚೌಕಟ್ಟಿನಿಂದ ಹೊರಗಿಟ್ಟೆ. ದೊಡ್ಡಮ್ಮ, ಪಟ್ಟಿಯ ಕಲ್ಲು, ಕುರಿ ಇಷ್ಟು ಉಳಿಯುವಂತೆ ಅಂಚು ಕತ್ತರಿಸಿದೆ. ಧ್ವನಿಯನ್ನೂ ತೆಗೆಯಲು ಹೋದೆ.

"ನನ್ ದನಿ ಯಾಕೆ ತೆಗೀತೀಯಾ? ನಾನು ಕರೆದ್ರೆ ಅದು ತಿರುಗೋದು ಗೊತ್ತಾಗ್ಬೇಡ್ವಾ?"

"ಜಾಗ ತಿಂತದೆ ದೊಡ್ಡಮ್ಮ."

ಲೆಕ್ಕ ಹಾಕಿ ನೋಡಿದರೆ ಧ್ವನಿ ತಿನ್ನುತ್ತಿದ್ದದ್ದು ಎರಡು ಎಂಬಿಯೂ ಇಲ್ಲ. ಸೋತೆನೆಂದು ಹೇಳದೆ ಅದನ್ನು ಹಾಗೇ ಬಿಟ್ಟೆ. ಉಳಿದದ್ದು ಸಮಯ. ಕೊನೆಯ ಎರಡು ನಿಮಿಷ ಬರೀ ಬೇರೆ ಕುರಿಗಳು, ತೆಗೆದೆ. ಒಂದು ನಿಮಿಷ ಹನ್ನೆರಡು ಸೆಕೆಂಡು ಉಳಿಯಿತು. ಎರಡು ಸುತ್ತು ಓಡಿಸುವ ವಿಧಾನ ಆರಿಸಿದೆ: ಮೊದಲ ಸುತ್ತಿನಲ್ಲಿ ಎಲ್ಲಿ ಹೆಚ್ಚು ಅಲುಗಾಟವಿದೆ ಎಂದು ನೋಡಿಕೊಂಡು, ಎರಡನೇ ಸುತ್ತಿನಲ್ಲಿ ಡೇಟಾ ಹಂಚುತ್ತದೆ. ಚಿತ್ರ ಚೆನ್ನಾಗಿ ಬರುತ್ತದೆ, ಆದರೆ ಎರಡರಷ್ಟು ಹೊತ್ತು. ಎಷ್ಟು ಮುಗಿಯಿತೆಂದು ತೋರಿಸುವ ಹಸಿರು ಪಟ್ಟೆ ಪರದೆಯ ಮೇಲೆ ತೆವಳಿತು. ನಾಲ್ಕು ಗಂಟೆ ಆಯಿತು, ನಾಲ್ಕೂಕಾಲು ಆಯಿತು. ದೊಡ್ಡಮ್ಮ ಬಾಗಿಲಿಗೆ ಹೋಗುವಳು, ಬರುವಳು. ಒಮ್ಮೆ ಕರೆಂಟು ಮಿಣುಕಿ, ಅಂಗಡಿಯವನು "ಮುರುಗಾ" ಎಂದು ಎದೆ ಹಿಡಿದುಕೊಂಡ. ಬ್ಯಾಟರಿ ಕಾಪಾಡಿತು.

ನಾಲ್ಕೂ ಮೂವತ್ತೈದಕ್ಕೆ ಮುಗಿಯಿತು. ಇಪ್ಪತ್ಮೂರು ಎಂಬಿ ಚಿಲ್ಲರೆ.

ಹಾಕಿ ನೋಡಿದೆವು. ಚೌಕ ಇಲ್ಲ, ಮಸುಕು ಇಲ್ಲ. ಕುಂಕುಮದ ಕೆಂಪು ಕೂಡ ಹಾಗೇ ಇತ್ತು. ನಲವತ್ತೊಂದನೇ ಸೆಕೆಂಡಿನಲ್ಲಿ ದೊಡ್ಡಮ್ಮ ಕರೆಯುತ್ತಾಳೆ, ಕುರಿ ತಿರುಗುತ್ತದೆ, ಎಡಗಿವಿ ಪೂರ್ತಿ ನಮ್ಮ ಕಡೆಗೆ. ಅಲ್ಲಿ ನಿಲ್ಲಿಸಿದೆ. ಕೆಳಂಚಿನಲ್ಲಿ ಒಂದು ಕಚ್ಚು. ಮಿಕ್ಕ ಅಂಚು ನುಣ್ಣಗೆ. "ಸೂಪರ್, ತಂಗಚ್ಚಿ!" ಎಂದ ಅಂಗಡಿಯವನು. ದೊಡ್ಡಮ್ಮ ನನ್ನ ತಲೆ ಸವರಿ ತನ್ನ ಹಣೆಗೆ ಬೆರಳೊತ್ತಿ ನೆಟಿಗೆ ಮುರಿದಳು.

ಅಲ್ಲಿಗೆ ಬಿಟ್ಟಿದ್ದರೆ ನಾನೂ ಊರಿನವರ ಹಾಗೆ ಕಥೆ ಹೇಳಿಕೊಂಡು ಇರಬಹುದಿತ್ತು. ಆದರೆ ಎದುರಾಳಿ ಎಲ್ಲಿ ಹಿಡಿಯುತ್ತಾನೆ ಎಂದು ಮೊದಲೇ ಹುಡುಕುವುದು ಅಭ್ಯಾಸವಾಗಿಬಿಟ್ಟಿದೆ. ಮೂಲ ವಿಡಿಯೊವನ್ನು ಪಕ್ಕದಲ್ಲೇ ತೆರೆದು, ಅದೇ ಕ್ಷಣದಲ್ಲಿ ನಿಲ್ಲಿಸಿ, ಕಿವಿಯನ್ನು ದೊಡ್ಡದು ಮಾಡಿದೆ.

ತುದಿಯ ಹತ್ತಿರ ಏನೋ ಇತ್ತು. ಸಣ್ಣದು, ಅಂಚು ಒಳಕ್ಕೆ ಮಡಿಸಿದ ಹಾಗೆ. ಒಂದು ಚಿತ್ರ ಮುಂದೆ ಹೋದೆ, ಇತ್ತು. ಮೂರು ಚಿತ್ರ ಮುಂದೆ ಹೋದೆ. ಕಿವಿಯ ಜೊತೆ ಅದೂ ತಿರುಗಿತು. ಅಂಟಿಕೊಂಡ ಹುಲ್ಲುಕಡ್ಡಿ ಇರಬಹುದು. ಮುಳ್ಳು ಗೀರಿದ್ದಿರಬಹುದು. ನೆರಳು ಆಗಿರಲಾರದು, ನೆರಳು ಕಿವಿಯ ಜೊತೆ ಹಾಗೆ ತಿರುಗುವುದಿಲ್ಲ. ಚಿಕ್ಕ ಫೈಲಿನಲ್ಲಿ ಅದೇ ಜಾಗ ತೊಳೆದಿಟ್ಟ ಹಾಗೆ ಇತ್ತು. ಸಾಫ್ಟ್‌ವೇರಿಗೆ ಅಷ್ಟು ಸಣ್ಣದು ಲೆಕ್ಕಕ್ಕೇ ಬಂದಿರಲಿಲ್ಲ.

ದೊಡ್ಡಮ್ಮ ನನ್ನ ಹೆಗಲ ಹಿಂದೆ ನಿಂತಿದ್ದಳು. ಅವಳಿಗೆ ಅಕ್ಷರ ಬರುವುದಿಲ್ಲ. ಆದರೆ ಕೆರೆ ಏರಿಯ ಆ ತುದಿಯಲ್ಲಿ ನಿಂತ ಕುರಿಯ ಕಿವಿಯನ್ನು ಈ ತುದಿಯಿಂದ ಓದುತ್ತಾಳೆ. ಎರಡು ಫೈಲಿನ ಕಿವಿಗಳೂ ಪರದೆಯಲ್ಲಿ ಅಂಗೈ ಅಗಲ ಅಕ್ಕಪಕ್ಕ ಇದ್ದವು.

"ದೊಡ್ಡಮ್ಮ, ಇದೇನಿದು?"

ಅವಳು ಗೋಡೆಯ ಗಡಿಯಾರ ನೋಡಿದಳು. "ಟೈಮಾಯ್ತದೆ, ಆಕವ್ವ."

"ಇಲ್ಲಿ, ತುದೀಲಿ. ನೋಡು."

"ನನ್ ಕಣ್ಣು ಮಂಜು ಕಣವ್ವ. ನೀನು ಚೆನ್ನಾಗಿ ಮಾಡಿದ್ದೀಯಲ್ಲ, ಅದನ್ನೇ ಆಕು."

ನಾಲ್ಕೂ ನಲವತ್ತು. ಏನು ಮಾಡಬೇಕೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಮೊದಲ ಅರ್ಧ ನಿಮಿಷವನ್ನೂ ಕೊನೆಯ ಭಾಗವನ್ನೂ ಬಿಟ್ಟು ನಡುವಿನ ಇಪ್ಪತ್ತು ಸೆಕೆಂಡು ಮಾತ್ರ ಇಟ್ಟರೆ ಸಾಕಿತ್ತು. ಅದರಲ್ಲೂ ದೊಡ್ಡಮ್ಮ ಇದ್ದಾಳೆ, ಕಲ್ಲು ಇದೆ, ಕುರಿ ಇದೆ. ಅದೇ ಇಪ್ಪತ್ತೈದು ಎಂಬಿ ಇಪ್ಪತ್ತು ಸೆಕೆಂಡಿಗೆ ಹಂಚಿಕೆಯಾದರೆ ಪ್ರತಿ ಸೆಕೆಂಡಿಗೂ ಮೂರರಷ್ಟು ಸಿಗುತ್ತದೆ. ತುದಿಯಲ್ಲಿರುವುದು ಏನೇ ಆಗಲಿ, ಕಾಣುತ್ತದೆ. ಒಂದೇ ಸುತ್ತು ಓಡಿಸಿದರೆ ಐದು ನಿಮಿಷ. ಸಮಯವಿತ್ತು. ನೋಡೋರಿಗೆ ಏನು ಕಾಣ್ಬೇಕೋ ಅದು ಕಾಣ್ಬೇಕು ಎಂದು ಒಂದೂವರೆ ಗಂಟೆ ಮೊದಲು ಭಾಷಣ ಬಿಗಿದವಳು ನಾನೇ.

ಬೆರಳು ಮೌಸಿನ ಮೇಲಿತ್ತು. ನಾನು ವಾದಿಸಿದೆ, ನನ್ನ ಜೊತೆಗೇ. ಅದು ಹುಲ್ಲುಕಡ್ಡಿಯಾಗಿದ್ದರೆ? ಕಡ್ಡಿಯನ್ನು ಕಚ್ಚು ಎಂದು ಓದಿ ಸಾಹೇಬರು ಕುರಿಯನ್ನು ಮುದುಕನಿಗೆ ಕೊಟ್ಟರೆ? ಅನುಮಾನವನ್ನು ಎದುರಾಳಿಗೆ ನಾವೇ ಯಾಕೆ ಕೊಡಬೇಕು? ವೇದಿಕೆಯ ಮೇಲೆ ಇದು ಒಳ್ಳೆಯ ವಾದ, ಅಂಕ ಬರುತ್ತದೆ. ಅಂಗಡಿಯೊಳಗೆ ದೊಡ್ಡಮ್ಮನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

ನುಣ್ಣಗಿನ ಕಿವಿಯನ್ನೇ ಹಾಕಿದೆ. ಪುಟ ಎರಡು ಸಲ ಸಿಕ್ಕಿಕೊಂಡು, ನಾಲ್ಕೂ ಐವತ್ತೆರಡಕ್ಕೆ ಸ್ವೀಕರಿಸಿದೆ ಎಂದು ತೋರಿಸಿತು.

ಮರುದಿನ ಠಾಣೆಯಿಂದ ಫೋನು. ವಿಡಿಯೊದಲ್ಲಿ ಒಂದೇ ಕಚ್ಚು ಕಾಣುತ್ತದೆ, ಹೋಗಿ ಕುರಿ ತನ್ನಿ. ಸಾಮಾನು ಆಟೋದಲ್ಲಿ ತೊಪ್ಪೂರು ಘಾಟಿ ಹತ್ತಿ ಹೋದೆವು. ಮುದುಕ ಜಗಳಕ್ಕೆ ಬರಲಿಲ್ಲ. ಕುರಿಯನ್ನು ತಾನೇ ಹಿಡಿದು ತಂದು ಆಟೋಗೆ ಹತ್ತಿಸಿ, ಅದರ ಎಡಗಿವಿಯನ್ನು ಎರಡು ಬೆರಳಲ್ಲಿ ಬಿಡಿಸಿ ನನ್ನ ಕಡೆ ತಿರುಗಿಸಿದ.

"ನಿಮ್ ವಿಡಿಯೊ ಡಬ್ಬೀಲಿ ಒಂದೇ ಕಂಡ್ತಂತಲ್ಲ, ಓದೋ ಮಗಳೇ. ಒಳ್ಳೆ ಡಬ್ಬಿ."

ನಾನು ಆಟೋದ ಹಿಂದಿನ ಹಲಗೆ ಎತ್ತಿ ಕೊಂಡಿ ಹಾಕಿದೆ.

ಇಳಿಸಿದ ಕೂಡಲೇ ಕುರಿ ನೇರ ಪಟ್ಟಿಯ ಬಾಗಿಲಿಗೆ ನಡೆಯಿತು. "ನೋಡ್ದಾ? ತನ್ ಚೂರು ಇರೋ ತಾವ್ಕೆ ಬಂತು," ಎಂದು ಬೀದಿಯವರೆಲ್ಲ ಹೇಳಿದರು. ಮೂರು ವರ್ಷ ಇದ್ದ ಜಾಗಕ್ಕೆ ಕುರಿ ನಡೆಯುತ್ತದೆ. ಅಲ್ಲಿ ಇತ್ತು ಎನ್ನುವುದಕ್ಕೆ ಅದು ಸಾಕ್ಷಿ, ಅಲ್ಲಿ ಹುಟ್ಟಿತು ಎನ್ನುವುದಕ್ಕಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಈಗ ಊರಿನವರು ಮದುವೆ ವಿಡಿಯೊ, ಮಗುವಿನ ವಿಡಿಯೊ ಎಲ್ಲವನ್ನೂ ಚಿಕ್ಕದು ಮಾಡಿಕೊಡೆಂದು ನನ್ನ ಹತ್ತಿರವೇ ತರುತ್ತಾರೆ. ಕ್ವಾಲಿಟಿ ಕೆಡಬಾರದು ನೋಡು ಎನ್ನುತ್ತಾರೆ.

ಮೂಲ ಫೈಲನ್ನು ನಾನು ಅಳಿಸಿಲ್ಲ. ಫೋನಿನಲ್ಲಿ ಜಾಗವಿಲ್ಲ ಎಂದು ದಿನಾ ಎಚ್ಚರಿಕೆ ಬರುತ್ತದೆ. ಬೇರೆಲ್ಲ ಅಳಿಸಿದೆ, ಅದನ್ನಲ್ಲ. ಕಳೆದ ವಾರ ಬೆಳಗ್ಗೆ ದೊಡ್ಡಮ್ಮ ಪಟ್ಟಿಯ ಬಾಗಿಲಲ್ಲಿ ಕೂತು ಹೊಸ ಮರಿಯೊಂದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬ್ಲೇಡು ಆಡಿತು, ಮರಿ ಕಿರುಚಿತು, ಎಣ್ಣೆ ಹಚ್ಚಿದಳು. ಉಗುರಿನಷ್ಟು ಚೂರನ್ನು ಕಲ್ಲಿನ ಬುಡದಲ್ಲಿ ಹೂತು ಮಣ್ಣು ತಟ್ಟಿದಳು. ಮುಂದಾಳು ಪಕ್ಕದಲ್ಲೇ ಮೆಲುಕು ಹಾಕುತ್ತಿತ್ತು. ಆ ಕಲ್ಲಿನ ಮೇಲೆ ನನಗೆ ನಂಬಿಕೆಯಿಲ್ಲ, ಆದರೆ ಅವಳಿಗಿದೆ. ಅದರ ಮೇಲೆ ಕೈಯಿಟ್ಟು ಅವಳು ಸುಳ್ಳು ಹೇಳಲಾರಳು. ನಾನು ಎದುರಿಗೆ ಕುಕ್ಕರಗಾಲಲ್ಲಿ ಕೂತೆ. ಫೋನು ತೆಗೆಯಲಿಲ್ಲ. ಅವಳ ಅಂಗೈ ಇನ್ನೂ ಕಲ್ಲಿನ ಮೇಲೇ ಇತ್ತು.

"ದೊಡ್ಡಮ್ಮ, ಮುಂದಾಳಿನ ಚೂರು ಈ ಕಲ್ಲಿನ ಬುಡದಲ್ಲಿ ಐತಾ?"